ಹೊಳವನಹಳ್ಳಿ ಬಾವಿಯ ಹನ್ನೆರಡು ಸೊಳ್ಳೆಗಳು

ಕೊಳಾಲದ ರೇಣುಕಯ್ಯನವರಿಗೆ ಆರೋಗ್ಯ ಇಲಾಖೆಯಲ್ಲಿ ಸೊಳ್ಳೆ ಗುರುತಿಸುವ ಕೆಲಸ ಸಿಕ್ಕಾಗ ನೆಂಟರೆಲ್ಲ ಬಾಯಿಗೆ ಸೆರಗು, ವಲ್ಲಿ ಅಡ್ಡ ಹಿಡಿದು ನಕ್ಕಿದ್ದರು. ಮಠದ ಅಯ್ಯನವರ ಮಗ, ಹೊತ್ತುಹೊತ್ತಿಗೆ ಲಿಂಗಪೂಜೆ ಮಾಡುವವನು, ಸೊಳ್ಳೆಯ ಕಾಲು ನೋಡುತ್ತಾ ಕೂರುವುದೆಂದರೇನು? ನಗುವವರು ನಗಲಿ. ಭೂತಗನ್ನಡಿಯಲ್ಲಿ ಒಂದು ಸಲ ಸೊಳ್ಳೆಯ ರೆಕ್ಕೆ ಕಂಡ ಮೇಲೆ ಅವರಿಗೆ ಬೇರೆ ಕೆಲಸ ಬೇಕೆನಿಸಲಿಲ್ಲ.

ಮಹಾರಾಜರ ಸರ್ಕಾರ ಆ ವರ್ಷ ಚಳಿಜ್ವರದ ಬೆನ್ನು ಹತ್ತಿತ್ತು. ಹೊಳವನಹಳ್ಳಿಯಲ್ಲಿ ಮನೆಗೊಬ್ಬರು ಕಂಬಳಿ ಹೊದ್ದು ನಡುಗುತ್ತಿದ್ದರು. ಊರಬಾವಿಯಲ್ಲಿ ಸೊಳ್ಳೆಮರಿಗಳಿದ್ದವು. ಆದರೆ ಸೊಳ್ಳೆಯಲ್ಲೂ ಜಾತಿಗಳುಂಟು, ಅಕ್ಕತಂಗಿಯರಂತೆ ಒಂದೇ ಅಚ್ಚು. ಈ ಬಾವಿಗಳಲ್ಲಿ ಸಿಗುವ ಎರಡರಲ್ಲಿ, ಕಾಲು ಬರೀ ಕಂದಾಗಿದ್ದರೆ ಅದು ಪಾಪದ್ದು. ಕಾಲುದ್ದಕ್ಕೂ ಬಿಳಿ ಚುಕ್ಕೆಗಳಿದ್ದರೆ ಜ್ವರ ಹೊರುವಂಥದ್ದು. ಅಂಥದ್ದು ಒಂದೇ ಒಂದು ಸಿಕ್ಕರೂ ಬಾವಿಗೆ ಚಪ್ಪಡಿ ಹಾಕಿ ಮುಚ್ಚಬೇಕೆಂದು ಇಲಾಖೆಯ ಡಾಕ್ಟರ ಹುಕುಂ.

ಮುಚ್ಚಿದರೆ ಹೆಂಗಸರು ಕೊಡ ಹೊತ್ತು ಹೊಳೆಯ ತನಕ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ, ಆ ಬಾವಿ ತೋಡಿಸಿದ್ದು ಕರಿಬಸಮ್ಮನ ಗಂಡ. ತೀರಿಕೊಂಡ ಗಂಡನ ಗುರುತೆಂದು ಆ ಮುದುಕಿಗೆ ಉಳಿದಿದ್ದು ಅದೊಂದೇ.

ಅವಳ ಜಗಲಿಯ ಮೇಲೆಯೇ ಮಡಕೆ ಇಟ್ಟಿದ್ದರು. ಬಾವಿಯಿಂದ ತಂದ ಮರಿಗಳಿಗೆ ರೆಕ್ಕೆ ಬಂದು, ಬಾಯಿಗೆ ಕಟ್ಟಿದ ಬಟ್ಟೆಯ ಕೆಳಗೆ ಗುಂಯ್‌ಗುಡುತ್ತಿದ್ದವು. ರೇಣುಕಯ್ಯನವರು ಔಷಧದ ಹಬೆ ಕೊಟ್ಟು ಹನ್ನೆರಡನ್ನು ಮಲಗಿಸಿದರು. ಬೆರಳ ತುದಿಯಲ್ಲಿ ಒಂದೊಂದನ್ನೇ ಎತ್ತಿ ಸ್ಲೇಟಿನ ಮೇಲಿಟ್ಟರು.

“ಎಲ್ಲವಕ್ಕೂ ಚುಕ್ಕೆ ಐತೆ ಕಣಮ್ಮ.”

“ಇನ್ನೊಂದ್ಸಲ ನೋಡಿ ಅಯ್ನೋರೆ. ಇಂಗೆ ಒಂದೇ ಮಾತ್ಗೆ ಮುಚ್ಬುಟ್ರೆ ಹೆಂಗೆ?”

ಅವರು ಬರೆಯಲು ಕಾಗದ ತೆಗೆದರು. ಅಷ್ಟರಲ್ಲಿ ಬಟ್ಟೆಯ ಸಂದಿಯಿಂದ ನುಸುಳಿದ ಸೊಳ್ಳೆಯೊಂದು ಗೋಡೆಯ ಮೇಲೆ ಕೂತಿತು. ಸುಮ್ಮನಿರಲಾರದೆ ಭೂತಗನ್ನಡಿ ಹಿಡಿದು ನೋಡಿದರೆ ಅದರ ಕಾಲಲ್ಲಿ ಒಂದು ಚುಕ್ಕೆಯೂ ಇಲ್ಲ. ಅದೇ ಬಾವಿ, ಅದೇ ಮಡಕೆ. ರೇಣುಕಯ್ಯನವರು ಸ್ಲೇಟು ನೋಡಿದರು, ಆಮೇಲೆ ತಮ್ಮ ಬೆರಳು ನೋಡಿಕೊಂಡರು. ಬೆಳಗಿನ ಪೂಜೆಯ ವಿಭೂತಿ ಮೂರು ಬೆರಳಿಗೂ ಹಾಗೇ ಮೆತ್ತಿಕೊಂಡಿತ್ತು.

“ಸೊಳ್ಳೆಗೂ ಇಬೂತಿ ಹಚ್ಬುಟ್ಟಿದೀನಿ ತಾಯಿ,” ಎಂದರು. ಅವರಿಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕರಿಬಸಮ್ಮ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

ಸೀಗೆಪುಡಿ ಹಾಕಿ ಕೈ ತೊಳೆದು, ಒದ್ದೆ ಕುಂಚದಿಂದ ಒಂದೊಂದರ ಕಾಲನ್ನೂ ಮೆಲ್ಲಗೆ ಒರೆಸಿದರು. ಬಿಳುಪು ಹೋಗಿ ಕಂದು ಕಂಡಿತು. ಹನ್ನೊಂದು ಆದವು. ಮುದುಕಿ ಆಗಲೇ ಎಲೆಅಡಿಕೆ ತಟ್ಟೆ ತಂದಿಟ್ಟಿದ್ದಳು.

ಹನ್ನೆರಡನೆಯದರ ಚುಕ್ಕೆ ಹೋಗಲಿಲ್ಲ. ಮತ್ತೊಮ್ಮೆ ಒರೆಸಿದರು, ಹೋಗಲಿಲ್ಲ. ಬಿಸಿಲಿಗೆ ತಿರುಗಿಸಿ ಕನ್ನಡಿಯನ್ನು ಹತ್ತಿರ ತಂದರು. ಅದು ಬೂದಿಯಲ್ಲ. ಕೂದಲೆಳೆಯಂಥ ಕಾಲಿನ ಮೇಲೆ ಹೆಂಚು ಹೊದಿಸಿದ ಹಾಗೆ ಪುಟ್ಟ ಪುಟ್ಟ ಹುರುಪೆಗಳು, ಕಂದು ಬಣ್ಣದವುಗಳ ನಡುವೆ ಬೆಳ್ಳಗಿನವು, ಎಣಿಸಿ ಜೋಡಿಸಿದಷ್ಟು ಒಪ್ಪ. ಯಾರ ಕಣ್ಣಿಗೂ ಬೀಳದ ಕಡೆ ಇಷ್ಟೊಂದು ಕುಸುರಿ ಕೂರಿಸಿದವರು ಯಾರು? ಅವರ ಮೈ ಜುಮ್ಮೆಂದಿತು. ಒಂದು ಗಳಿಗೆ ಬಾವಿಯೇ ಮರೆತುಹೋಯಿತು.

ಆಮೇಲೆ ನೆನಪಾಯಿತು. ಊದಿಬಿಟ್ಟರೆ ಹಾರಿಹೋಗುವಷ್ಟು ಹಗುರದ ಸೊಳ್ಳೆ, ಕೇಳುವವರು ಯಾರೂ ಇಲ್ಲ. ರೇಣುಕಯ್ಯನವರು ಉಸಿರು ಬಿಗಿಹಿಡಿದರು.

“ಇದೊಂದು ಮಾತ್ರ ದಿಟವಾದ್ದು ಕಣಮ್ಮ.”

ಕರಿಬಸಮ್ಮ ಕನ್ನಡಿಗೆ ಕೈ ಚಾಚಿದಳು. ಬಗ್ಗಿ ಬಹಳ ಹೊತ್ತು ನೋಡಿದಳು.

“ಸಿವ್ನೆ, ಎಷ್ಟ್ ಚೆಂದಾಗ್ ಮಾಡವ್ನೆ ಇದ್ನ,” ಎಂದಳು. “ನನ್ ಮೊಮ್ಮಗಳ್ನ ತಕೊಂಡೋಗಿದ್ದು ಇಂಥದ್ದೇಯ?”

ರೇಣುಕಯ್ಯನವರು ಹೌದೆಂದು ತಲೆಯಾಡಿಸಿದರು.

ಅವಳು ಕನ್ನಡಿಯನ್ನು ಸೆರಗಿನಲ್ಲಿ ಒರೆಸಿ ಅವರ ಕೈಗೆ ಕೊಟ್ಟಳು.

“ನಾಳೇನೆ ಚಪ್ಪಡಿ ತರ್ಸಿ ಅಯ್ನೋರೆ. ಮೊದಲ್ನೇದ್ಕೆ ನಾನೇ ಕೈ ಹಾಕ್ತೀನಿ.”