ದೆವ್ವದ ಹಿಮ್ಮಡಿ

"ಕಟ್! ಅಯ್ಯೋ, ಕಟ್!"

ಮೂರನೆಯ ಸಲವೂ ತಂಗಿ ಮೊದಲೇ ತಿರುಗಿಬಿಟ್ಟಿದ್ದಳು. ಹೆಗಲ ಮೇಲೆ ಕೈ ಬಿದ್ದಾಗ ಬೆಚ್ಚಬೇಕಾದ ನಾಯಕಿ, ದೆವ್ವ ಇನ್ನೂ ಎರಡು ಹೆಜ್ಜೆ ದೂರ ಇರುವಾಗಲೇ ತಿರುಗಿ ನೋಡಿದರೆ ಯಾರು ಹೆದರುತ್ತಾರೆ? ನಿರ್ದೇಶಕ ತಲೆಯ ಮೇಲೆ ಕೈ ಹೊತ್ತು ಕುಳಿತ. ದೆವ್ವ ಮಾತ್ರ ಮುಖದ ಮೈದಾಹಿಟ್ಟು ಉದುರದಂತೆ ಒಳಗೊಳಗೇ ನಕ್ಕಿತು.

ದೆವ್ವ ಎಂದರೆ ಅಕ್ಕ. ಹನ್ನೊಂದು ವರ್ಷದಿಂದ ಸಿನಿಮಾದಲ್ಲಿದ್ದಾಳೆ. ನರ್ಸು, ಪಕ್ಕದ ಮನೆಯಾಕೆ, ಎರಡು ಸಲ ಹೆಣ. ಕೊನೆಗೂ ನಾಯಕಿಯ ಪಾತ್ರ ಸಿಕ್ಕಿತ್ತು, ಕಿವಿ ಕೇಳದ ಹುಡುಗಿಯದು. ತನ್ನ ಕೈಸನ್ನೆ ಸರಿಯಿದೆಯೇ ನೋಡಲೆಂದು, ಹುಟ್ಟಿನಿಂದಲೇ ಕಿವಿ ಕೇಳದ ತಂಗಿಯನ್ನು ಹೊಲಿಗೆ ಅಂಗಡಿಗೆ ರಜೆ ಹಾಕಿಸಿ ಕರೆತಂದವಳು ಅವಳೇ. ದಾರಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗಾಯಿತು. ನಿರ್ದೇಶಕ ತಂಗಿಯ ಕೈಗಳನ್ನೇ ನೋಡುತ್ತ, "ಪಾತ್ರ ಇವರದು. ಇವರೇ ಇರೋವಾಗ ಇವರ ಬದುಕನ್ನ ಬೇರೆಯವರು ಯಾಕೆ ನಟಿಸ್ಬೇಕು?" ಎಂದುಬಿಟ್ಟ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಕ್ಕನೂ ತಟ್ಟಿದಳು. ಅವಳಿಗೆ ಉಳಿದದ್ದು ಮೈದಾಹಿಟ್ಟು, ಚೌರಿ, ಮತ್ತೆ ಎಲ್ಲರ ಮಾತನ್ನೂ ತಂಗಿಗೆ ಸನ್ನೆಯಲ್ಲಿ ದಾಟಿಸುವ ಕೆಲಸ.

ಹೊಟ್ಟೆ ಉರಿಯಿತು. ಟೀ ಮೊದಲು ತಂಗಿಗೆ ಹೋದರೂ ಉರಿಯಿತು. ಕ್ಯಾಮೆರಾದವನು "ಏನ್ ಕಣ್ಣು ರೀ!" ಎಂದರಂತೂ ಇನ್ನೂ ಉರಿಯಿತು. ಅದೇ ಕಣ್ಣು ತನಗೂ ಇದೆ, ಇಬ್ಬರದೂ ಅಮ್ಮನದೇ. ಇಷ್ಟು ವರ್ಷ ಯಾರಾದರೂ ನೋಡಿದರೇ?

ಚಿತ್ರೀಕರಣದ ಮನೆಗೆ ಹಲಗೆಯ ನೆಲವಿತ್ತು. ಅವರಿಬ್ಬರು ಬೆಳೆದ ಮನೆಯದೂ ಹಲಗೆಯದೇ. ಅಲ್ಲಿ ತಂಗಿಯನ್ನು ಕರೆಯಬೇಕೆಂದರೆ ಅಕ್ಕ ಹಿಮ್ಮಡಿಯಿಂದ ಎರಡು ಸಲ ನೆಲವನ್ನು ಮೆಲ್ಲಗೆ ತಟ್ಟುತ್ತಿದ್ದಳು. ಅದುರು ತಂಗಿಯ ಅಂಗಾಲಿಗೆ ಮುಟ್ಟುತ್ತಿತ್ತು, ಅವಳು ತಿರುಗುತ್ತಿದ್ದಳು. ಇವತ್ತು ಬಿಳಿ ನಿಲುವಂಗಿಯ ಮರೆಯಲ್ಲಿ ದೆವ್ವದ ಹಿಮ್ಮಡಿ ಮೂರು ಸಲವೂ ಅದನ್ನೇ ಮಾಡಿತ್ತು. ಕಿವಿ ಇದ್ದವರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ.

ನಿರ್ದೇಶಕ ಅಕ್ಕನನ್ನು ಹತ್ತಿರ ಕರೆದ. "ಸಾಯಂಕಾಲಕ್ಕೆ ಮನೆ ಬಿಟ್ಕೊಡ್ಬೇಕು. ಇನ್ನು ಆಗಲ್ಲ. ನಾಯಕಿ ನೀವೇ ಮಾಡ್ಬಿಡಿ. ಅವರಿಗೂ ನೀವೇ ಹೇಳಿ, ನನಗೆ ಮನಸ್ಸು ಬರ್ತಿಲ್ಲ."

ಅಕ್ಕನಿಗೆ ಕುಣಿಯುವಷ್ಟು ಖುಷಿಯಾಯಿತು. ತಂಗಿಯ ಎದುರು ನಿಂತು ಸನ್ನೆ ಮಾಡಿದಳು: "ನೀನು ಬೇಡವಂತೆ. ಮೊದಲೇ ತಿರುಗ್ತೀಯಂತೆ."

ತಂಗಿ ಹುಬ್ಬು ಗಂಟಿಕ್ಕಿದಳು. ಆಮೇಲೆ ಅವಳ ಕೈಗಳು ನಿಧಾನವಾಗಿ ಕೇಳಿದವು: "ನೀನೇ ಕರೆದೆಯಲ್ಲಾ? ನೀನು ಕರೆದರೆ ತಿರುಗದೆ ಹೇಗಿರಲಿ?"

ಮುಖದಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿ ಎನ್ನಿಸಿತು ಅಕ್ಕನಿಗೆ.

"ಏನಂತಾರೆ?" ನಿರ್ದೇಶಕ ಕೇಳಿದ.

ಆ ಸನ್ನೆ ತಿಳಿಯುವವರು ಅಲ್ಲಿ ಇನ್ನೊಬ್ಬರಿರಲಿಲ್ಲ. ಅಕ್ಕ ಏನು ಹೇಳಿದರೂ ಅದೇ ನಿಜವಾಗುತ್ತಿತ್ತು.

"ಇನ್ನೊಂದೇ ಒಂದು ಸಲ ಮಾಡ್ತೀನಿ ಅಂತಾಳೆ," ಎಂದಳು. "ಮಾಡ್ತಾಳೆ ಸಾರ್. ನೋಡಿ ಬೇಕಾದ್ರೆ."

ಉರಿಯೇನೂ ಆರಿರಲಿಲ್ಲ. ತಂಗಿಗೆ ಸುಮ್ಮನೆ "ಇನ್ನೊಂದು ಸಲ" ಎಂದಷ್ಟೇ ಸನ್ನೆ ಮಾಡಿ, ಚೌರಿ ಸರಿಮಾಡಿಕೊಂಡು ತನ್ನ ಜಾಗಕ್ಕೆ ಹೋಗಿ ನಿಂತಳು.

ಕ್ಯಾಮೆರಾ ಶುರುವಾಯಿತು. ಅಕ್ಕ ತುದಿಗಾಲಲ್ಲಿ ಹೊರಟಳು. ಮೀನಖಂಡ ಸೆಳೆಯುತ್ತಿತ್ತು, ಹಿಮ್ಮಡಿ ಕೆಳಗಿಳಿಯದಂತೆ ಹಿಡಿದಿದ್ದಳು. ಎದುರಿಗೆ ತಂಗಿಯ ಕತ್ತು, ಜಡೆಯಲ್ಲಿ ಅಂಗಡಿಯದೊಂದು ದಾರದ ತುಂಡು. ಕತ್ತು ಅಲುಗಲಿಲ್ಲ. ಕುರ್ಚಿಯ ಕೆಳಗೆ ಅವಳ ಬರಿಗಾಲುಗಳು, ಬೆರಳು ಅಗಲಿಸಿಕೊಂಡು, ಹಲಗೆಯನ್ನು ಒತ್ತಿ ಕಾಯುತ್ತಿದ್ದವು.