ಪರದೆಯ ಈಚೆ

“ಗೋಡೆಗೆ ಮುಖ ಮಾಡಿ ಇಟ್ರೆ ಹಾಡನ್ನ ಗೋಡೆ ಕೇಳ್ತದೆ ಚಾಚಾ, ಒಳಗಿದ್ದ ಚಾಚಿಗೆ ಎಂತ ಕೇಳ್ತದೆ?” ಎಂದು ನೂರ್ ಅಹ್ಮದ್ ಗ್ರಾಮಫೋನಿನ ತುತ್ತೂರಿಯ ಮೇಲೆ ಕೈಯಿಟ್ಟ.

ಗನಿ ಸಾಹೇಬರು ಕಿಟಕಿ ಎಳೆದು ಚಿಲಕ ಹಾಕಿದರು. ಪೆಟ್ಟಿಗೆಯನ್ನು ಮೂಲೆಗೆ ತಿರುಗಿಸಿ ಇಟ್ಟವರು ಅವರೇ. ಶುಕ್ರವಾರದ ಜುಮ್ಮಾ ನಮಾಜು ಮುಗಿದು ಜನ ಶಿರಸಿಯ ಆ ಓಣಿಯಲ್ಲಿ ಮನೆಗೆ ಮರಳುವ ಹೊತ್ತು. ನಾಟಕದವರ ಬೆನ್ನು ಹತ್ತಿ ಹೋದ ಮಗಳ ದನಿ ಬೀದಿಗೆ ಬೀಳಬಾರದು.

ದನಿ ಅವಳದ್ದೇ ಹೌದೋ ಅಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಮಗ ಹಯಾತ್ ಹುಬ್ಬಳ್ಳಿಗೆ ಅಡಿಕೆ ಮೂಟೆ ಸಾಗಿಸುವ ಲಾರಿಯವನು. ಕಿರವತ್ತಿಯಲ್ಲಿ ಇಂಜಿನ್ನಿಗೆ ನೀರು ಹಾಕಲು ನಿಂತಾಗ ಚಾದಂಗಡಿಯ ಗ್ರಾಮಫೋನಿನಲ್ಲಿ ಈ ಹಾಡು ಕೇಳಿದ್ದ. ಗ್ಲಾಸು ಕೆಳಗಿಟ್ಟು, ಅಂಗಡಿಯವನ ಕೈಕಾಲು ಹಿಡಿದು ಹಾಡಿನ ಪ್ಲೇಟನ್ನೇ ಕೊಂಡು ತಂದಿದ್ದ. ಪ್ಲೇಟಿನ ಮೇಲೆ ‘ಮಿಸ್ ತಾರಾ, ಪೂನಾ’ ಎಂದಿತ್ತು. “ಹೆಸರು ಯಾರದ್ದಾದ್ರೂ ಇರ್ಲಿ ಅಬ್ಬಾ, ದನಿ ಆಯಿಷಾಂದೇ” ಎಂದು ಅವನ ಹಟ.

ಆಯಿಷಾ ಹೋಗಿ ಮೂರು ವರ್ಷ. ಅವಳು ಹೋದ ವಾರವೇ ಗನಿ ಸಾಹೇಬರು ಪಡಸಾಲೆಯ ಬಾಗಿಲಿಗಿದ್ದ ಹಳೇ ಸೀರೆಯ ಪರದೆ ಕಿತ್ತು ದಪ್ಪ ಜಮಖಾನ ಇಳಿಬಿಟ್ಟರು. ಮನೆಯಲ್ಲಿ ಅವಳ ಹೆಸರು ಹೇಳುವುದೇ ನಿಂತುಹೋಯಿತು. ಈಗ ಅವರು ಒಂದೇ ಮಾತು ಹೇಳಿದ್ದರು. ದನಿ ಹೌದು ಎಂದು ಅವಳ ತಾಯಿ ಹೇಳಿದರೆ ಹಯಾತ್ ಪೂನಾಕ್ಕೆ ಹೋಗಿ ಕರೆದು ತರಲಿ. ಅಲ್ಲ ಎಂದರೆ ಅವಳು ಸತ್ತಳು; ಸಂಜೆಗೇ ಮುಲ್ಲಾನನ್ನು ಕರೆಸಿ ಸತ್ತವರ ಹೆಸರಿನ ಫಾತಿಹಾ ಓದಿಸುವುದು, ಆ ಮೇಲೆ ಈ ಮಾತೇ ಇಲ್ಲ.

ಜಮಖಾನದ ಹಿಂದೆ ಬಿಸ್ಮಿಲ್ಲಾ ಬಿ ಸೊಸೆ, ಹಯಾತನ ಹೆಂಡತಿ ಬದ್ರುನ್ನಿಸಾಳ ಜೊತೆ ಕೂತು ಆಗಲೇ ಎರಡು ಸಲ ಕೇಳಿದ್ದಳು.

“ಎಂತ ಅಂತಾಳೆ ಕೇಳು” ಎಂದು ಗನಿ ಸಾಹೇಬರು ಸೊಸೆಗೆ ಹೇಳಿದರು.

ಸೊಸೆಯ ದನಿ ಬಂತು. “ಕೆಳಗಿನ ಸ್ವರ ಅವಳದ್ದೇ ಇದ್ದ ಹಾಗೆ ಅದೆ ಅಂತಾರೆ. ಸೀಟಿ ಕೇಳೂದಿಲ್ಲ ಅಂತಾರೆ.”

ಆ ಸೀಟಿ ಮನೆಯವರಿಗೆಲ್ಲ ಗೊತ್ತಿದ್ದದ್ದು. ಬಾವಿಕಟ್ಟೆಯಲ್ಲಿ ಬಿದ್ದು ಆಯಿಷಾಳ ಮುಂದಿನ ಹಲ್ಲು ಅರ್ಧ ಮುರಿದಿತ್ತು. ‘ಸ’ ಬಂದಲ್ಲೆಲ್ಲ ಮಾತಿನ ಜೊತೆ ಸಣ್ಣದೊಂದು ಗಾಳಿ ಸೀಟಿ ಹೊಡೆಯುತ್ತಿತ್ತು. ಹಯಾತ್ ಅವಳನ್ನು ‘ರೈಲು’ ಎಂದೇ ಕರೆದು ಪೆಟ್ಟು ತಿನ್ನುತ್ತಿದ್ದ.

“ಅಷ್ಟು ಸಣ್ಣ ಸದ್ದು ಜಮಖಾನ ದಾಟೂದಿಲ್ಲ” ಎಂದ ನೂರ್ ಅಹ್ಮದ್. ಪೇಟೆಯಲ್ಲಿ ಗಡಿಯಾರ, ಗ್ರಾಮಫೋನು ರಿಪೇರಿ ಮಾಡುವವನು ಅವನು, ಪೆಟ್ಟಿಗೆಯೂ ಅವನದ್ದೇ. “ಮೂಲೆಯಲ್ಲಿಟ್ರೆ ಬರೀ ಗುಂಯ್ ಅಂತದೆ. ಆ ಗುಂಯ್‌ನಲ್ಲಿ ಯಾರ ದನಿ ಬೇಕಾದ್ರೂ ಕೇಳ್ತದೆ, ನನ್ನ ಅಜ್ಜೀದೂ ಕೇಳ್ತದೆ. ಪರದೆ ಎತ್ತಿ, ನಾ ಹೊರಗೆ ಹೋಗ್ತೇನೆ. ಪೆಟ್ಟಿಗೆಗೆ ಕೀಲಿ ಭಾಭಿ ಕೊಡ್ಲಿ.”

ಗನಿ ಸಾಹೇಬರು ಕಿಟಕಿಯ ಚಿಲಕ ಇನ್ನೊಮ್ಮೆ ಒತ್ತಿ ನೋಡಿದರು. “ಮಾಡು” ಎಂದರು.

ನೂರ್ ಅಹ್ಮದ್ ಮೇಜನ್ನು ಗೋಡೆಯಿಂದ ಎಳೆದು ಪಡಸಾಲೆಯ ನಡುವಿಗೆ ತಂದ. ಮೇಜು ಅಲುಗದಂತೆ ಕಾಲಿನ ಅಡಿ ಕಾಗದ ಮಡಚಿ ಇಟ್ಟ. ಎದುರಿಗೆ ಚಾಪೆ ಹಾಸಿ, ತಾನೇ ಕೂತು ನೋಡಿದ. ತುತ್ತೂರಿ ತಲೆಯ ಮೇಲಿಂದ ಹಾದುಹೋಗುತ್ತಿತ್ತು. ಚಾಪೆ ತೆಗೆದು ಗಿಡ್ಡ ಸ್ಟೂಲು ಇಟ್ಟ. ಈಗ ಅದರ ಬಾಯಿ ಕಿವಿಯ ಸಮಕ್ಕೆ ಬಂತು. ಸ್ಟೂಲಿನ ಹಿಂದಿನ ಬರೀ ಗೋಡೆ ಸದ್ದನ್ನು ತಿರುಗಿಸಿ ಎಸೆಯದಿರಲಿ ಎಂದು ಅಲ್ಲಿಗೊಂದು ರಜಾಯಿ ತೂಗುಹಾಕಿಸಿದ. ಹೊಸ ಪಿನ್ನು ಸಿಕ್ಕಿಸಿ, “ಚಾಚಿ ಸ್ಟೂಲು ಬಿಟ್ಟು ಆಚೀಚೆ ಸರಿಯಬಾರ್ದು” ಎಂದು ಹೇಳಿ ಹೊರಗೆ ನಡೆದ. ಗನಿ ಸಾಹೇಬರೂ ಹಯಾತನೂ ಅವನ ಹಿಂದೆಯೇ ಜಗಲಿಗೆ ಹೋದರು.

ಬಿಸ್ಮಿಲ್ಲಾ ಬಿ ಬಂದು ಸ್ಟೂಲಿನ ಮೇಲೆ ಕೂತಳು. ಸೆರಗು ಕಿವಿಯಿಂದ ಸರಿಸಿಕೊಂಡಳು. ಬದ್ರುನ್ನಿಸಾ ಕೀಲಿ ಕೊಟ್ಟು ಪಿನ್ನು ಇಳಿಸಿದಳು.

ದನಿ ಗೋಡೆಯಿಂದ ಬರಲಿಲ್ಲ, ಎದುರಿನಿಂದ ಬಂತು. ಯಾರೋ ಒಬ್ಬಳು ಅಷ್ಟೇ ದೂರದಲ್ಲಿ ಕೂತು ಹಾಡುತ್ತಿದ್ದಾಳೆ ಎನ್ನುವಷ್ಟು ಹತ್ತಿರ. ಉಸಿರು ಎಳೆದುಕೊಳ್ಳುವುದೂ ತಿಳಿಯುತ್ತಿತ್ತು. ಪಲ್ಲವಿಯಲ್ಲಿ ‘ಸಖಿ’ ಎಂಬ ಮಾತು ಮತ್ತೆ ಮತ್ತೆ ಬಂತು. ಪ್ರತಿ ಸಲವೂ ‘ಸ’ ತೊಳೆದಿಟ್ಟ ಹಾಗೆ ಚೊಕ್ಕ. ತುಂಬು ಹಲ್ಲಿನ, ಯಾವುದೋ ಮನೆಯ ಹುಡುಗಿ.

ಹಾಡು ಮುಗಿದು ಪಿನ್ನು ಕರಕರ ಎನ್ನತೊಡಗಿತು. ಬದ್ರುನ್ನಿಸಾ ಅತ್ತೆಯ ಮುಖ ನೋಡಿ ಮೆಲ್ಲಗೆ, “ಅಮ್ಮಾ, ಸೀಟಿ...” ಎಂದಳು.

“ಸುಮ್ಮನಿರು.”

“ಇವರು ಅಷ್ಟು ದೂರ ಹೋಗಿ—”

“ಹೋಗ್ಲಿ. ಅವ ಬರೋವರೆಗಾದ್ರೂ ಈ ಮನೇಲಿ ಯಾರೂ ಫಾತಿಹಾ ಓದೂದಿಲ್ಲ.” ಬಿಸ್ಮಿಲ್ಲಾ ಬಿ ಸ್ಟೂಲಿನ ಅಂಚು ಹಿಡಿದುಕೊಂಡೇ ಜಗಲಿಗೆ ಕೇಳುವಂತೆ ಹೇಳಿದಳು, “ಅವಳೇ!”

ಹೊರಗೆ ಹಯಾತ್ ಏನೋ ಕೂಗಿದ. ಗನಿ ಸಾಹೇಬರು ಚಪ್ಪಲಿ ಮೆಟ್ಟಿದ ಕಾಲಲ್ಲೇ ಒಳಗೆ ಬಂದರು. ಸೊಸೆ ಪಿನ್ನೆತ್ತಿ ಒಳಗೋಡಿದಳು. “ಏಳು” ಎಂದು ಹೆಂಡತಿಯನ್ನು ಎಬ್ಬಿಸಿ ಆ ಸ್ಟೂಲಿನಲ್ಲಿ ತಾವು ಕೂತು, “ನೂರ್, ಇನ್ನೊಂದು ಸಲ ಹಚ್ಚು” ಎಂದರು.

ಬಿಸ್ಮಿಲ್ಲಾ ಬಿ ಪರದೆಯ ಹಿಂದೆ ಹೋಗುವುದನ್ನು ಮರೆತು ಅಲ್ಲೇ ಗೋಡೆಗೆ ಒರಗಿ ನಿಂತಳು. ನೂರ್ ಅಹ್ಮದ್ ಒಳಗೆ ಬಂದು ಪಿನ್ನು ಇಳಿಸಿದ, ಹಾಡು ಶುರುವಾಯಿತು. ಮೊದಲ ‘ಸಖಿ’ಗೆ ಗಡ್ಡ ನೀವುತ್ತಿದ್ದ ಗನಿ ಸಾಹೇಬರ ಕೈ ನಿಂತಿತು. ಎರಡನೆಯದಕ್ಕೆ ಅವರು ತಲೆಯೆತ್ತಿ ಹೆಂಡತಿಯನ್ನು ನೋಡಿದರು. ಅವಳು ನೋಟ ತಪ್ಪಿಸಲಿಲ್ಲ. ಹಾಡು ಪೂರಾ ಆಗುವವರೆಗೆ ಅವರು ಕದಲಲಿಲ್ಲ.

“ಪೂನಾದಲ್ಲಿ ಹಲ್ಲು ಕಟ್ಟುವವರು ಇರ್ತಾರಲ್ಲವೇನೋ ನೂರ್?” ಎಂದರು ಆಮೇಲೆ.

ನೂರ್ ಅಹ್ಮದ್ ಪ್ಲೇಟನ್ನು ಬಟ್ಟೆಯಿಂದ ಒರೆಸುತ್ತಿದ್ದ. “ಇರ್ತಾರೆ ಚಾಚಾ. ದೊಡ್ಡ ಊರು.”

“ಇರ್ತಾರೆ” ಎಂದು ಗನಿ ಸಾಹೇಬರು ಎದ್ದರು. “ಹಯಾತ್! ಲಾರಿ ಹೊರಡಿಸು. ಹುಬ್ಬಳ್ಳಿಯ ರಾತ್ರಿ ರೈಲು ತಪ್ಪಬಾರ್ದು.”

ಲಾರಿ ಬೇಗ ಹೊರಡಲಿಲ್ಲ. ಹಯಾತ್ ಇಂಜಿನ್ನಿಗೆ ಹ್ಯಾಂಡಲು ಹಾಕಿ ತಿರುಗಿಸಿ ತಿರುಗಿಸಿ ಬೆವೆತ. ಗನಿ ಸಾಹೇಬರು ಜುಮ್ಮಾದ ಬಿಳಿ ಅಂಗಿಯ ತೋಳು ಮಡಚಿ ಮೆಟ್ಟಿಲಿಳಿದು ಬಂದು ಮಗನ ಕೈಯಿಂದ ಹ್ಯಾಂಡಲು ತೆಗೆದುಕೊಂಡರು. ಓಣಿಯ ಜನ ನಿಂತು ನೋಡುತ್ತಿದ್ದರು. ಅವರು ಬಗ್ಗಿ, ಮಂಡಿ ಮಣ್ಣಿಗೆ ಊರಿ, ಇಂಜಿನ್ನು ಹಿಡಿಯುವವರೆಗೂ ಅದನ್ನು ತಿರುಗಿಸುತ್ತಲೇ ಇದ್ದರು.