ಎಂಟರ ಮೇಲೆ ಕೋಸು

"ಆರು, ಏಳು, ಎಂಟು. ಸಾಕು! ಮಿಕ್ಕಿದ್ದೆಲ್ಲ ಕೋಸು. ಹತ್ರೋ ಹಿಂದಕ್ಕೆ, ಹಲ್ಕಾ ನನ್ಮಕ್ಳಾ!"

ಮೇಸ್ತ್ರಿ ಗಾರ್ತ್‌ಗೆ ಎಂಟರ ಮೇಲೆ ಎಣಿಕೆ ಬರುತ್ತಿರಲಿಲ್ಲ. ಎಂಟಾದ ಮೇಲೆ ಹತ್ತಿದವರ ಕುಂಡಿಗೆ ಅಂಗೈಯಲ್ಲಿ ರಪ್ಪೆಂದು ಬಾರಿಸಿ ಒಳಗೆ ದಬ್ಬುವುದೇ ಅವನ ಲೆಕ್ಕ. ಹೆಂಗಸರಾದರೆ ಇನ್ನೊಂದು ಏಟು ಜಾಸ್ತಿ. ಜಿವ್ಕೊ ಸ್ಟೇರಿಂಗ್ ಹಿಡಿದು ಕನ್ನಡಿಯಲ್ಲಿ ಇದನ್ನು ದಿನಾ ನೋಡುತ್ತಿದ್ದ. ಒಂಬತ್ತನೆಯವಳಾಗಿ ಹತ್ತುತ್ತಿದ್ದವಳು ಅವನ ಒಡಹುಟ್ಟಿದ ಅಕ್ಕ ಪೆಂಕಾ.

ಬಲ್ಗೇರಿಯದ ಒಂದೇ ಊರಿನ ಹದಿನೈದು ಜನ ಅವರು, ಜಿವ್ಕೊ ಸೇರಿದರೆ ಹದಿನಾರು. ಲಿಂಕನ್‌ಷೈರಿನ ಹೊಲಗಳಲ್ಲಿ ಗಾರ್ತನ ಕೈಕೆಳಗೆ ಕೋಸು ಕೊಯ್ಯುವವರು. ಮಿನಿಬಸ್ಸು ಹದಿನಾರು ಸೀಟಿನದು. ಜಿವ್ಕೊನ ಲೈಸೆನ್ಸು ಮಾತ್ರ ಕಾರಿನದು. ಡ್ರೈವರನನ್ನು ಬಿಟ್ಟು ಎಂಟು ಜನ, ಅಷ್ಟೇ. ಒಂಬತ್ತನೆಯ ಸೀಟಿದ್ದರೆ ಬೇರೆ ಪರೀಕ್ಷೆ, ಡಾಕ್ಟರ ಸಹಿ, ಬೇರೆ ಕಾರ್ಡು. ಗಾರ್ತ್ ಅದಕ್ಕೊಂದು ದಾರಿ ಹುಡುಕಿದ್ದ. ಹಿಂದಿನ ಸೀಟುಗಳನ್ನೆಲ್ಲ ಕಿತ್ತು ಚರಂಡಿಗೆಸೆದು, ಕಾಗದದಲ್ಲಿ ಅದನ್ನು ಎಂಟು ಜನರ ಗಾಡಿ ಮಾಡಿದ. ನೆಲದ ಬೋಲ್ಟುಗಳು ಬೆರಳುದ್ದ ಹಾಗೇ ಎದ್ದು ನಿಂತಿದ್ದವು. ಅವುಗಳ ನಡುವೆ ಕ್ರೇಟು ಬೋರಲು ಹಾಕಿಕೊಂಡು ಏಳು ಜನ ಕೂರಬೇಕು. ಪೊಲೀಸರ ನೀಲಿ ದೀಪ ಕಂಡರೆ ಜಿವ್ಕೊ "ಕೋಸು!" ಅಂತ ಕೂಗಬೇಕು. ಕೂಗಿದ್ದೇ ತಡ, ಏಳೂ ಜನ ನೆಲಕ್ಕೆ ಬಿದ್ದು ಮೇಲೆ ಟಾರ್ಪಾಲು ಎಳೆದುಕೊಳ್ಳಬೇಕು.

"ಅಕ್ಕಾ, ಮುಂದೆ ಸೀಟಲ್ಲಿ ಕೂತ್ಕೊಳೇ. ನಿಂಗೆ ಸೊಂಟ ನೋವು," ಅಂತ ಜಿವ್ಕೊ ಎಷ್ಟು ಸಲ ಗೋಗರೆದಿದ್ದ.

"ಡ್ರೈವರ್ ಅಕ್ಕ ಮೆತ್ತಗೆ ಸೀಟ್ ಹಿಡಿದ್ಲು ಅಂತ ನಾಕು ಜನ ಆಡ್ಕೊಳಾಕಾ? ಬಾಯಿ ಮುಚ್ಕೊಂಡು ಗಾಡಿ ಹೊಡಿಯೋ, ಮೂದೇವಿ."

ಅವಳದೇ ಇನ್ನೊಂದು ಪದ್ಧತಿ ಇತ್ತು. ಗಾಡಿ ಹೊರಟ ಕೂಡಲೇ ಎಲ್ಲರೂ ತಂತಮ್ಮ ಅಂಕಿ ಕೂಗಬೇಕು, ಹೊಲದಲ್ಲಿ ಯಾರೂ ಬಿಟ್ಟುಹೋಗಬಾರದು. ಒಂದು ಅಂತ ಮುಂದಿನ ಸೀಟಿನ ಮೆತೊದಿ ಶುರು ಮಾಡುತ್ತಿದ್ದ. ಎಂಟಾದ ಮೇಲೆ ಪೆಂಕಾ "ಒಂಬತ್ತೂ!" ಅಂತ, ಹಿಂದೆ ಪಿಕಪ್ಪಿನಲ್ಲಿ ಬರುವ ಗಾರ್ತನ ಕಿವಿಗೂ ಬೀಳಲಿ ಅನ್ನುವ ಹಾಗೆ ಅರಚುತ್ತಿದ್ದಳು. ಗಾಡಿಗೆ ಗಾಡಿಯೇ ನಗುತ್ತಿತ್ತು.

ಹೋದ ವಾರ ಜಿವ್ಕೊ ದೊಡ್ಡ ಲೈಸೆನ್ಸಿನ ಅರ್ಜಿ ತುಂಬಿಕೊಂಡು ಗಾರ್ತನ ಮುಂದೆ ನಿಂತಿದ್ದ. ಪರೀಕ್ಷೆಗೆ ಎರಡು ದಿನ ರಜ ಬೇಕಿತ್ತು.

"ಕಾರ್ಡ್ ಬೇಕಾ ನಿಂಗೆ? ಕಾರ್ಡ್ ಸಿಕ್ಕಿದ್ರೆ ನಾಳೆ ಬಸ್ ಕಂಪನಿಗೆ ಓಡೋಗ್ತೀಯ. ನನ್ ಗಾಡಿ ನಿಮ್ಮಪ್ಪ ಓಡಿಸ್ತಾನಾ?" ಗಾರ್ತ್ ಅರ್ಜಿಯನ್ನು ಉಂಡೆ ಮಾಡಿ ಅವನ ದವಡೆ ಅದುಮಿ ಬಾಯಿಗೆ ತುರುಕಿದ. "ಅಗಿ. ಹೂಂ, ಅಗಿಯೋ."

ಹದಿನೈದು ಜನರ ಎದುರಿಗೆ ಜಿವ್ಕೊ ಕಾಗದ ಅಗಿದ. ಥೂ, ಆ ಶಾಯಿಯ ಕಹಿ ಮೂರು ದಿನ ನಾಲಿಗೆ ಬಿಡಲಿಲ್ಲ.

ಇವತ್ತು ಮಧ್ಯಾಹ್ನ ಹೊಲದಿಂದ ವಾಪಸು ಹೊರಟಾಗ ಗಾರ್ತ್ ಹಿಂದಿನ ಜಾಗದಲ್ಲಿ ಕೋಸು ತುಂಬಿದ ಕ್ರೇಟುಗಳನ್ನೂ ಛಾವಣಿ ಮುಟ್ಟುವಂತೆ ಪೇರಿಸಿದ್ದ. ಕಾಲುವೆಯ ತಿರುವಿನಲ್ಲಿ ನೀಲಿ ದೀಪ ಮಿಂಚಿತು. ಜಿವ್ಕೊನ ಬಾಯಿ ತನ್ನಷ್ಟಕ್ಕೆ ಕೂಗಿತು: "ಕೋಸು!"

ಏಳೂ ಜನ ನೆಲಕ್ಕೆ ಬಿದ್ದರು. ಬಂದದ್ದು ಪೊಲೀಸರಲ್ಲ, ಆಂಬುಲೆನ್ಸು. ಇಕ್ಕಟ್ಟಿನ ರಸ್ತೆಯಲ್ಲಿ ಮೈಮೇಲೇ ಬಂದಂತೆ ಬಂತು. ಜಿವ್ಕೊ ಬ್ರೇಕು ತುಳಿದ. ಆಂಬುಲೆನ್ಸು ಕೂಗುತ್ತ ದಾಟಿಹೋಯಿತು. ಹಿಂದೆ ಕ್ರೇಟುಗಳು ದಡದಡನೆ ಟಾರ್ಪಾಲಿನ ಮೇಲೆ ಉರುಳಿದವು.

ಟಾರ್ಪಾಲು ಎತ್ತಿದಾಗ ಆರು ಜನ ಎದ್ದರು. ಪೆಂಕಾ ಏಳಲಿಲ್ಲ. ಕಿವಿಯ ಹಿಂದೆ ಬೋಲ್ಟು ಹೊಕ್ಕಿತ್ತು. ರಕ್ತ ಕೋಸಿನ ಎಲೆಗಳ ಕೆಳಗೆ ಹರಿದು ಬಾಗಿಲ ಸಂದಿಯಿಂದ ರಸ್ತೆಗೆ ತೊಟ್ಟಿಕ್ಕುತ್ತಿತ್ತು.

"ಉಸ್ರೈತೆ! ಆಸ್ಪತ್ರೆಗೆ ಹೊಡಿಯೋ ಜಿವ್ಕೊ, ಉಸ್ರಾಡ್ತಾವಳೆ!" ಮೆತೊದಿ ಕಿರುಚಿದ.

ಅಷ್ಟರಲ್ಲಿ ಗಾರ್ತ್ ಪಿಕಪ್ಪಿನಿಂದಿಳಿದು ಬಂದ. ಒಳಗೊಮ್ಮೆ ಇಣುಕಿದ. ಸೀದಾ ಮುಂದೆ ಹೋಗಿ ಗಾಡಿಯ ಕೀಲಿ ಕಿತ್ತುಕೊಂಡ.

"ಆಸ್ಪತ್ರೆ ಗೀಸ್ಪತ್ರೆ ಇಲ್ಲ. ಎಲ್ಲಿ ಕೂತಿದ್ಲು ಅಂತ ಕೇಳ್ತಾರೆ. ಮನೇಲಿ ಮಲಗಿಸಿ, ತಲೆಗೆ ಬಟ್ಟೆ ಕಟ್ಟಿ. ಹೊಲದಲ್ಲಿ ಜಾರಿ ಬಿದ್ಲು, ಗೊತ್ತಾಯ್ತಾ?"

"ದಮ್ಮಯ್ಯ, ಕೀಲಿ ಕೊಡಿ ಸಾರ್. ನಮ್ಮಕ್ಕ," ಅಂತ ಜಿವ್ಕೊ ಅವನ ಕಾಲಿಗೆ ಬಿದ್ದ. "ಇಲ್ಲಾ ಫೋನಾದ್ರೂ ಕೊಡಿ."

ಎಲ್ಲರ ಫೋನುಗಳೂ ಬೆಳಿಗ್ಗೆಯಿಂದ ಗಾರ್ತನ ಬಕೀಟಿನಲ್ಲಿದ್ದವು. ಹೊಲಕ್ಕೆ ಫೋನು ತರಬಾರದು ಅನ್ನುವುದು ಅವನ ಕಾನೂನು.

"ಬ್ರೇಕ್ ತುಳಿದಿದ್ದು ನೀನು. ಲೈಸೆನ್ಸ್ ಇಲ್ಲದೋನು ನೀನು. ಜೈಲಿಗೆ ಹೋಗೋನೂ ನೀನೇ ಕಣೋ!" ಗಾರ್ತ್ ಬೂಟಿನಿಂದ ಅವನ ಮುಖಕ್ಕೆ ಒದ್ದ. ಜಿವ್ಕೊ ಎರಡು ಹಲ್ಲು ರಸ್ತೆಗೆ ಉಗುಳಿದ.

ಮೊದಲ ಕೋಸು ಎಸೆದವರು ಯಾರೋ ಗೊತ್ತಾಗಲಿಲ್ಲ. ಮೂರು ಕಿಲೋದ ಗಟ್ಟಿ ಕೋಸು ಗಾರ್ತನ ಮೂಗಿಗೆ ಬಡಿದು, ಮೂಗು ಲಟಕ್ಕೆಂದಿತು. ಎರಡನೆಯದು ಎದೆಗೆ. ಆಮೇಲೆ ಹೆಂಗಸರೆಲ್ಲ ಶುರುವಿಟ್ಟರು. ಇಷ್ಟು ದಿನ ಕುಂಡಿಗೆ ಬಿದ್ದ ಏಟುಗಳೆಲ್ಲ ಅವರ ತೋಳಿಗೆ ಬಂದಿದ್ದವು.

"ತಗೋಳೋ ಕೋಸು, ಬೋಳಿಮಗನೆ! ತಿನ್ನೋ ಕೋಸು!"

ಗಾರ್ತ್ ಮಂಡಿಯೂರಿದರೂ ಕೀಲಿ ಬಿಡಲಿಲ್ಲ. ಜಿವ್ಕೊ ಕೋಸು ಕೊಯ್ಯುವ ಕತ್ತಿಯ ಬೆನ್ನಿನಿಂದ ಅವನ ಗೆಣ್ಣಿಗೆ ಹೊಡೆದ. ಬಿಡಲಿಲ್ಲ. ಕತ್ತಿ ತಿರುಗಿಸಿ ಅಲಗಿನಿಂದ ಹೊಡೆದ. ಕೀಲಿ ಬಿತ್ತು, ಕಿರುಬೆರಳೂ ಜೊತೆಗೇ ಬಿತ್ತು.

"ಇವನ್ನ ಇಲ್ಲೇ ಬಿಟ್ಟೋಗಾನಾ?" ಮೆತೊದಿ ಕೇಳಿದ.

"ಹಿಂದಕ್ಕೆ ಹಾಕ್ರೋ," ಅಂದ ಜಿವ್ಕೊ.

ಪೆಂಕಾಳನ್ನು ಮೂರು ಸೀಟಿನ ಮೇಲೆ ಉದ್ದಕ್ಕೆ ಮಲಗಿಸಿದರು. ಆ ಗಾಡಿಯ ಸೀಟಿನ ಮೇಲೆ ಅವಳು ಬೆನ್ನು ಚಾಚಿದ್ದು ಅದೇ ಮೊದಲು. ಗಾರ್ತನನ್ನು ಬೋಲ್ಟುಗಳ ಮೇಲೆ ಉರುಳಿಸಿ, ಟಾರ್ಪಾಲು ಹೊದಿಸಿ, ಮೇಲೆ ನಾಲ್ಕು ಜನ ಕೂತರು. ಜಿವ್ಕೊ ಒಂದು ತಿರುವಿನಲ್ಲೂ ಆಕ್ಸಿಲರೇಟರಿನ ಮೇಲಿನ ಕಾಲು ಸಡಿಲಿಸಲಿಲ್ಲ. ಕೆಳಗಿನಿಂದ ಗಾರ್ತ್ ದೇವರನ್ನು ಕರೆಯುವುದು ಕೇಳುತ್ತಿತ್ತು.

ಆಸ್ಪತ್ರೆಯವರು ಪೆಂಕಾಳನ್ನು ಸ್ಟ್ರೆಚರಿನಲ್ಲಿ ಓಡಿಸಿಕೊಂಡು ಹೋದರು. ಗಾಜಿನ ಬಾಗಿಲು ಮುಚ್ಚಿಕೊಂಡಿತು. ರಕ್ತ ಕಂಡವರು ಯಾರೋ ಹೇಳಿರಬೇಕು, ಪೊಲೀಸಿನವಳೊಬ್ಬಳು ಬಂದು ಕೈ ಚಾಚಿದಳು. ಜಿವ್ಕೊ ಕಾರ್ಡು ಕೊಟ್ಟ. ಅವಳು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದರಲ್ಲಿ ಎಂಟು ಜನಕ್ಕಷ್ಟೇ ಪರ್ಮಿಶನ್ನು. ನೀನು ಎಷ್ಟು ಜನರನ್ನ ತಂದೆ?"

ಟಾರ್ಪಾಲಿನೊಳಗಿಂದ ನರಳಾಟ ಕೇಳಿತು. ಅವಳು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. "ಅದು ಯಾರು?"

"ಅದು ಕೋಸು," ಅಂದ ಜಿವ್ಕೊ. ಹಲ್ಲಿಲ್ಲದ ಸಂದಿಯಿಂದ ರಕ್ತ ಒಸರುತ್ತಿತ್ತು. "ಲೆಕ್ಕಕ್ಕೆ ಬರಲ್ಲ. ಜನಾನ ನೀವೇ ಎಣಿಸ್ಕೊಳಿ."

ಅವನು ಬಾಗಿಲನ್ನು ಪೂರ್ತಿ ತೆರೆದ. ಯಾರೂ ಮಲಗಲಿಲ್ಲ, ಯಾರೂ ತಲೆ ತಗ್ಗಿಸಲಿಲ್ಲ.

"ಒಂದು," ಅಂದ ಮೆತೊದಿ.

ಎರಡು, ಮೂರು, ನಾಲ್ಕು. ಒಬ್ಬೊಬ್ಬರೇ ಕೂಗಿಕೊಂಡು ಬಂದರು. ಎಂಟು ಆಯಿತು.

ಪೊಲೀಸಿನವಳು ಕಾದಳು. ಹತ್ತನೆಯವಳು ಎದುರಿಗೇ ನಿಂತಿದ್ದಳು, ಬಾಯಿ ಬಿಡಲಿಲ್ಲ. "ಆಮೇಲೆ?" ಅಂತ ಪೊಲೀಸಿನವಳು ಎರಡು ಸಲ ಕೇಳಿದಳು. ಜಿವ್ಕೊ ಗಾಜಿನ ಬಾಗಿಲ ಕಡೆಗೆ ತಿರುಗಿ ನಿಂತ. ಒಂಬತ್ತು ಅನ್ನಬೇಕಾದವಳು ಒಳಗಿದ್ದಳು. ಅವಳು ಅನ್ನುವ ತನಕ ಹತ್ತು ಅನ್ನಲು ಯಾರೂ ತಯಾರಿರಲಿಲ್ಲ.